ಮೋಡಣ್ಣನ ಮನೆಯ ಬಟ್ಟೆಹಗ್ಗ

ಹವಾಮಾನ ಕಚೇರಿಯಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಮಳೆಯ ಮುನ್ಸೂಚನೆ ಬರೆಯುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು ಮೋಡಣ್ಣ. ಹೆಸರಿನಲ್ಲಿ ಪ್ರೀತಿಯಿತ್ತು, ನಂಬಿಕೆ ಇರಲಿಲ್ಲ. ನಂಬಿಕೆಯೆಲ್ಲ ಅವನ ಹೆಂಡತಿಯ ಬಟ್ಟೆಹಗ್ಗದ ಮೇಲೆ. ಮನೆ ಏರಿನ ಮೇಲಿದ್ದದ್ದರಿಂದ, ಮಹಡಿಯಲ್ಲಿ ಒಣಗುವ ಅಂಗಿ, ಹೊದಿಕೆ, ಮೋಡಣ್ಣನ ತೂತು ಬನಿಯನ್ ಸಮೇತ ಕೆಳಗಿನ ಬೀದಿಗೆಲ್ಲ ಕಾಣುತ್ತಿದ್ದವು. ಹಗ್ಗದಲ್ಲಿ ಬಟ್ಟೆ ಇದ್ದರೆ ಛತ್ರಿ ಬಿಟ್ಟು ಹೋಗುವುದು ಅಲ್ಲಿನವರ ರೂಢಿ.

"ಗಂಡ ಏನಾದ್ರೂ ಹೇಳ್ಕೊಳ್ಲಿ, ಹೆಂಡ್ತಿ ಹಗ್ಗ ಸುಳ್ಳು ಹೇಳಲ್ಲ" ಎಂಬ ಮಾತು ನಾದಿನಿಯದು. ಹೆಂಡತಿಯ ಈ ತಂಗಿ ಕೆಳಗಿನ ಬೀದಿಯ ತುದಿಯಲ್ಲಿ, ಹಳ್ಳದ ಪಕ್ಕ, ಮೂರು ಮೆಟ್ಟಿಲು ಇಳಿದು ಹೋಗುವ ಕೋಣೆಯಲ್ಲಿ ಮೂರು ಹೊಲಿಗೆ ಮಷೀನು ಇಟ್ಟುಕೊಂಡು ಬದುಕು ಕಟ್ಟಿಕೊಂಡಿದ್ದಳು.

ಹಿಂದಿನ ವಾರದ ಮಂಗಳವಾರ ಒಂದೇ ಒಂದು ಸಲ ಬೀದಿಯವರು ಹಗ್ಗ ಬಿಟ್ಟು ಮೋಡಣ್ಣನ ನೆರೆ ಎಚ್ಚರಿಕೆಯನ್ನು ನಂಬಿದ್ದರು. ಮಂಚ, ಪೆಟ್ಟಿಗೆ, ಮಷೀನು ಎಲ್ಲವನ್ನೂ ಏರಿನ ಮೇಲೆ ಹೊತ್ತು ತಂದು, ಸಂಜೆ ಬಿಸಿಲಲ್ಲೇ ಮತ್ತೆ ಕೆಳಗೆ ಹೊತ್ತುಕೊಂಡು ಹೋದರು. ಮಳೆ ಹತ್ತು ಮೈಲಿ ಆಚೆ, ನರಪಿಳ್ಳೆ ಇಲ್ಲದ ಬಯಲಲ್ಲಿ ಸುರಿದು ಕೈತೊಳೆದುಕೊಂಡಿತ್ತು.

"ಭಾವ, ಮುಂದಿನ ಸಲ ಮಳೆ ತರಿಸೋಕಾಗ್ದಿದ್ರೆ ಹಮಾಲಿಗಾದ್ರೂ ಬನ್ನಿ" ಎಂದಿದ್ದಳು ನಾದಿನಿ, ಸೊಂಟ ಹಿಡಿದುಕೊಂಡು.

ಅದಾಗಿ ಒಂಬತ್ತನೇ ದಿನ. ಮಧ್ಯಾಹ್ನ ಎರಡು ಗಂಟೆಗೆ ರೇಡಾರಿನ ಪರದೆಯ ಮುಂದೆ ಕೂತ ಮೋಡಣ್ಣನ ಚಹಾ ಆರಿ ತಣ್ಣಗಾಯಿತು. ಬೆಟ್ಟದ ಸಾಲಿನ ಮೇಲೆ ಗುಡುಗಿನ ಮೋಡಗಳು ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಬರುತ್ತಿದ್ದವು. ಮುಂದಿನದು ಸುರಿದು ಖಾಲಿಯಾಗುವಷ್ಟರಲ್ಲಿ ಹಿಂದಿನದು ಅದೇ ಜಾಗದಲ್ಲಿ ಹಾಜರು. ಆ ಬೆಟ್ಟದ ನೀರೆಲ್ಲ ಇಳಿಯುವುದು ನಾದಿನಿಯ ಮೂರು ಮೆಟ್ಟಿಲಿನ ಪಕ್ಕದ ಹಳ್ಳಕ್ಕೆ. ಲೆಕ್ಕ ಹಾಕಿದ: ಹೆಚ್ಚೆಂದರೆ ಎರಡು ಗಂಟೆ ಸಮಯ, ಹಳ್ಳ ಉಕ್ಕುವ ಸಾಧ್ಯತೆ ನೂರಕ್ಕೆ ಅರವತ್ತು.

ದಿಢೀರ್ ಪ್ರವಾಹದ ಎಚ್ಚರಿಕೆ ಎಲ್ಲರ ಮೊಬೈಲಿಗೂ ಹೋಯಿತು. ಸಾಲದೆಂದು ನಾದಿನಿಗೆ ತಾನೇ ಫೋನು ಮಾಡಿದ.

"ಗಿರಾಕಿ ಇದಾರೆ ಭಾವ. ಮೊದ್ಲು ಅಕ್ಕ ಬಟ್ಟೆ ತೆಗೀಲಿ, ಆಮೇಲೆ ನೋಡೋಣ" ಎಂದು ಇಟ್ಟುಬಿಟ್ಟಳು.

ಹೆಂಡತಿಗೆ ಮಾಡಿದ. "ಬಟ್ಟೆ ತೆಗಿ."

"ಈಗಷ್ಟೇ ಹಿಂಡಿ ಹಾಕಿದೀನಿ. ತಲೆ ಸೀಳೋ ಬಿಸಿಲಿದೆ."

"ನೂರಕ್ಕೆ ಅರವತ್ತು ಸಾಧ್ಯತೆ ಇದೆ ಕಣೇ."

"ಹಾಗಾದ್ರೆ ಅರವತ್ತು ಪಾಲು ತೆಗೆದು ನಲವತ್ತು ಬಿಡ್ಲಾ? ಬರುತ್ತೋ ಇಲ್ವೋ, ಅದು ಹೇಳಿ."

ಸಾಧ್ಯತೆಯ ಬಗ್ಗೆ ಗಂಟೆಗಟ್ಟಲೆ ಕೊರೆಯಬಲ್ಲ ಮೋಡಣ್ಣ ಪರದೆಯನ್ನು ಇನ್ನೊಮ್ಮೆ ನೋಡಿದ.

"ಗೊತ್ತಿಲ್ಲ. ಆದ್ರೆ ಆ ಹಳ್ಳ ಉಕ್ಕಿದ್ರೆ ಮೊದ್ಲು ಮುಳುಗೋದು ನಿನ್ ತಂಗಿ ಕೋಣೆ. ಕೆಳಗಿನ ಬೀದಿಯವ್ರು ನನ್ ಮಾತು ಕೇಳಲ್ಲ, ನಿನ್ ಹಗ್ಗ ನೋಡ್ತಾರೆ."

ಮದುವೆಯಾದ ಮೇಲೆ ಗಂಡನ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

"ಇಷ್ಟು ಒದ್ದೆ ಬಟ್ಟೆ ಎಲ್ಲಿ ಹಾಕೋದು?"

"ನನ್ ತಲೆ ಮೇಲೆ ಹಾಕು."

ಉರಿಬಿಸಿಲಲ್ಲಿ ನೀರು ತೊಟ್ಟಿಕ್ಕುವ ಬಟ್ಟೆಗಳು ಒಂದೊಂದಾಗಿ ಹಗ್ಗದಿಂದ ಮಾಯವಾಗುವುದನ್ನು ಕೆಳಗಿನ ಬೀದಿ ಬಾಯಿಬಿಟ್ಟುಕೊಂಡು ನೋಡಿತು. ಕೊನೆಗೆ ತೂತು ಬನಿಯನ್ನೂ ಹೋಯಿತು. ಅದು ಹೋದದ್ದೇ ತಡ, ನಾದಿನಿ ಗಿರಾಕಿಯ ಕೈಗೇ ಮಷೀನಿನ ಒಂದು ತುದಿ ಕೊಟ್ಟಳು. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಎದುರಿನವರು, ಮಕ್ಕಳುಮರಿ ಸಮೇತ ಏರು ಹತ್ತಿದರು.

ಮೂರೂ ಮುಕ್ಕಾಲಿಗೆ ಹಳ್ಳ ಕೆಂಪು ನೀರು ಹೊತ್ತು ತಂದಿತು. ಮೂರು ಮೆಟ್ಟಿಲು ತುಂಬಿ, ಕೋಣೆ ತುಂಬಿ, ಬಾಗಿಲಿನ ಮೇಲ್ಗಡೆಯ ಫಲಕವನ್ನೂ ನೆಕ್ಕಿ ನೋಡಿತು. ಒಳಗೆ ಯಾರೂ ಇರಲಿಲ್ಲ. ವಿಚಿತ್ರವೆಂದರೆ ಬೀದಿಯ ಮೇಲೆ ಒಂದು ಹನಿ ಮಳೆಯೂ ಬೀಳಲಿಲ್ಲ. ಬಿಸಿಲು ಹಾಗೇ ಹೊಡೆಯುತ್ತಿತ್ತು.

ಸಂಜೆ ಮೋಡಣ್ಣ ಮನೆಗೆ ಬಂದಾಗ ನಡುಮನೆಯಲ್ಲಿ ಮೂರು ಮಷೀನು, ಅಡುಗೆಮನೆಯಲ್ಲಿ ಅರ್ಧ ಬೀದಿ. ಅವನ ಕುರ್ಚಿಯ ಮೇಲ್ಗಡೆ, ಕಿಟಕಿಯಿಂದ ಕಪಾಟಿಗೆ ಕಟ್ಟಿದ ಹಗ್ಗದಲ್ಲಿ ಒದ್ದೆ ಬಟ್ಟೆ.

"ಮಹಡಿಲಿ ಇಷ್ಟೊತ್ತಿಗೆ ಗರಿಗರಿ ಒಣಗಿರ್ತಿತ್ತು" ಎಂದಳು ಹೆಂಡತಿ, ಚಹಾದ ಲೋಟ ಅವನ ಕೈಗಿಡುತ್ತಾ. "ಒಂದು ಹನಿ ಬಿತ್ತೇನ್ರೀ?"

ನಾದಿನಿ ಮಷೀನಿನ ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಭಾವ, ಆ ಬನಿಯನ್ ಇತ್ತ ಕೊಡಿ. ತೂತು ಮುಚ್ಚಿಕೊಡ್ತೀನಿ. ಇನ್ಮೇಲೆ ಬೀದಿಯೆಲ್ಲ ಅದನ್ನೇ ನೋಡೋದು."

ಮೋಡಣ್ಣ ಕುರ್ಚಿಯಲ್ಲಿ ಕೂತ. ಹೊದಿಕೆಯ ಅಂಚಿನಿಂದ ಒಂದು ಹನಿ ಅವನ ಬೋಳುತಲೆಯ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳದೆ, ಹೆಂಡತಿಗೆ ಕಾಣುವ ಹಾಗೆ ತಲೆ ಬಗ್ಗಿಸಿ ತೋರಿಸಿದ.