ಶೇವಂತಕ್ಕ ತುಂಬಿದ ಗಲ್ಲ

ಶೇವಂತಕ್ಕ ಎಡಗೈಯವಳೆಂದು ನನ್ನ ನೆನಪು. ಆದರೆ ಅವಳು ಹುಡುಗಿಯರನ್ನು ಕನ್ನಡಿಯ ಮುಂದೆ ಕೂರಿಸಿ ಹಿಂದೆ ನಿಂತು ಬಣ್ಣ ಹಚ್ಚುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ಕನ್ನಡಿಯೊಳಗಿನ ಅವಳ ಕೈಯನ್ನೇ ನೋಡುತ್ತಿದ್ದೆ. ಹಾಗಾಗಿ ಅವಳು ಬಲಗೈಯವಳೇ ಇದ್ದಿರಬಹುದು. ಇಲ್ಲಿ ಬರೆಯುವ ಇನ್ನೂ ಕೆಲವು ಸಂಗತಿಗಳು ಹೀಗೆಯೇ ತಿರುವುಮುರುವಾಗಿರುವ ಸಾಧ್ಯತೆ ಇದೆ. ಒಂದು ಮಾತ್ರ ಖಚಿತ. ಯಾರು ಎದುರಿಗೆ ಬಂದರೂ ಅವಳು ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದಳು. ಮಾತಾಡಿಸುವುದು ಆಮೇಲೆ.

"ಮೊದಲ ಬೆಳಕ ಎಲ್ಲಿಂದ ಬರತೈತಿ ನೋಡೂಣು, ತಂಗಿ."

ಅವಳ ಬಗ್ಗೆ ಬರೆಯಲು ನನಗೆ ಒಂದು ಸ್ವಾರ್ಥದ ಕಾರಣವಿದೆ. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನನ್ನ ಅವ್ವ ತೀರಿಕೊಂಡಳು. ಅವ್ವನ ಮುಖವೆಂದು ನನ್ನ ತಲೆಯಲ್ಲಿ ಇರುವುದು ಗೋಡೆಯ ಮೇಲಿನ ಒಂದೇ ಒಂದು ಫೋಟೋ. ಆ ಫೋಟೋದಲ್ಲಿರುವ ಮುಖವನ್ನು ಮಾಡಿದವಳು ಶೇವಂತಕ್ಕ. ಅದರಲ್ಲಿ ಅವ್ವ ಎಷ್ಟು, ಶೇವಂತಕ್ಕನ ಬಣ್ಣ ಎಷ್ಟು ಎಂದು ನನಗೆ ಗೊತ್ತಿಲ್ಲ. ತಿಳಿದುಕೊಳ್ಳದೆ ನನಗೆ ಸಮಾಧಾನವೂ ಇಲ್ಲ.

ಆಗ ನಾವು ಹುಬ್ಬಳ್ಳಿಯ ಹಳೆಯ ಓಣಿಯಲ್ಲಿದ್ದೆವು. ಅಪ್ಪನದು ಹತ್ತಿ ವ್ಯಾಪಾರ. ಓಣಿಯ ತುದಿಯ ಒಂದು ಕೋಣೆಯಲ್ಲಿ ಶೇವಂತಕ್ಕ ಒಬ್ಬಳೇ ಇದ್ದಳು. ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದವಳು, ಕಂಪನಿ ಮುರಿದ ಮೇಲೆ ಇಲ್ಲೇ ಉಳಿದಳಂತೆ. ತನ್ನ ಮುಖಕ್ಕೆ ಅವಳು ಪೌಡರನ್ನೂ ಸೋಕಿಸುತ್ತಿರಲಿಲ್ಲ. ಕನ್ಯೆ ನೋಡಲು ಬೀಗರು ಬರುತ್ತಾರೆಂದರೆ ಓಣಿಯವರು ಅವಳನ್ನು ಕರೆಸುತ್ತಿದ್ದರು. ಬೀಗರ ಟಾಂಗಾ ಬರುವ ಮೊದಲು ಅವಳು ಹಿತ್ತಲ ಬಾಗಿಲಿನಿಂದ ಹೋಗಿಬಿಡಬೇಕು. ಕೈಯಲ್ಲಿ ಎಲೆ ಅಡಿಕೆ, ಒಮ್ಮೊಮ್ಮೆ ಒಂದು ಕುಬಸದ ಖಣ. ಅವಳು ಚಂದ ಮಾಡಿದ ಹುಡುಗಿಯರ ಮದುವೆಗೆ ಅವಳಿಗೆ ಕರೆ ಇರುತ್ತಿರಲಿಲ್ಲ.

ತಗಡಿನ ಡಬ್ಬಿಯಲ್ಲಿ ಅವಳ ಸಾಮಾನು ಇರುತ್ತಿತ್ತು. ಕೊಬ್ಬರಿ ಎಣ್ಣೆಯಲ್ಲಿ ನಾದಿದ ಬಿಳಿ ಸಫೇದಾ, ಕುಂಕುಮ, ಕಾಡಿಗೆ, ಒಂದಿಷ್ಟು ಕೆಮ್ಮಣ್ಣು. ಎತ್ತಿ ಕಾಣಬೇಕಾದ ಕಡೆ ಬಿಳಿ, ತಗ್ಗಬೇಕಾದ ಕಡೆ ಕೆಮ್ಮಣ್ಣಿನಲ್ಲಿ ಬೆರೆಸಿದ ಕಾಡಿಗೆ, ಗಲ್ಲದ ದಿಬ್ಬಕ್ಕೆ ಉಗುರಿನ ತುದಿಯಷ್ಟು ಕುಂಕುಮ. ಆಮೇಲೆ ಹಸಿ ಅರಿವೆಯಿಂದ ಒತ್ತಿ ಒತ್ತಿ, ಎಲ್ಲಿ ಯಾವುದು ಮುಗಿಯಿತೆಂದು ಗೊತ್ತಾಗದಂತೆ ಮಾಡುವಳು. ಎದುರುಮನೆಯ ಕಸ್ತೂರಿಯ ಮೊಂಡ ಮೂಗಿನ ಮೇಲೆ ನಡುವೆ ಬಿಳಿಯ ಗೆರೆ ಎಳೆದು ಆಚೀಚೆ ಕಪ್ಪು ತೀಡಿದಾಗ, ನೋಡುನೋಡುತ್ತ ಆ ಮೂಗು ಸಪೂರವಾಯಿತು.

"ಮೂಗ ಹೆಂಗ ಸಣ್ಣ ಮಾಡಿದ್ರಿ?" ಎಂದು ನಾನು ಕೇಳಿದ್ದೆ.

"ಮೂಗ ದೇವರ ಕೈಯಾಗಿಂದು, ಯವ್ವಾ. ನಾ ನೆರಳ ಅಷ್ಟ ಮಾಡ್ತೇನಿ."

ಕಸ್ತೂರಿಯ ಸೋದರತ್ತೆಗೆ ಇದೆಲ್ಲ ಹಿಡಿಸಿರಲಿಲ್ಲ. "ಬಾಯಾರ, ನಮ್ಮ ಹುಡುಗೀನ ನಾಟಕದ ರಾಣಿ ಮಾಡಿಗೀಡೀರಿ ಮತ್ತ," ಎಂದಳು.

ಶೇವಂತಕ್ಕ ತಲೆ ಎತ್ತಲಿಲ್ಲ. "ರಾಣಿ ಮಾಡಾಕ ಭಾಳ ಬಣ್ಣ ಬೇಕ್ರಿ ಅಕ್ಕಾರ. ಇದು ಸೊಸಿ ಆಗೂವಷ್ಟ ಐತಿ."

ನನ್ನ ಅವ್ವ ಅವಳ ಕೋಣೆಯ ಮುಂದೆ ಹೋಗುವಾಗ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದಳು. ಇದು ನನಗೇ ನೆನಪಿದೆಯೋ, ಯಾರಾದರೂ ಹೇಳಿದ್ದನ್ನು ನೆನಪು ಮಾಡಿಕೊಂಡಿದ್ದೇನೋ ತಿಳಿಯದು. ನಾಟಕದವಳ ಕಣ್ಣಿಗೆ ಬೀಳಬಾರದೆಂಬ ಮರ್ಯಾದೆ ಅದು. ಶೇವಂತಕ್ಕ ನಮ್ಮ ಹೊಸ್ತಿಲು ದಾಟಿದ್ದು ಅವ್ವ ಹೋದ ದಿನ.

ಅವ್ವ ತಿಂಗಳಾನುಗಟ್ಟಲೆ ಕ್ಷಯದಿಂದ ಮಲಗಿದ್ದಳು. ಆರೈಕೆಗೆಂದು ಅವಳ ತಂಗಿ, ನನ್ನ ಚಿಗವ್ವ, ಹೆಬ್ಬಳ್ಳಿಯಿಂದ ಬಂದಿದ್ದಳು. ಅವಳಿಗಿನ್ನೂ ಲಗ್ನವಾಗಿರಲಿಲ್ಲ. ನಮ್ಮ ಪದ್ಧತಿಯಂತೆ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದರು. ಆಗ ಯಾರಿಗೋ ಹೊಳೆಯಿತು, ಇವಳದೊಂದು ಫೋಟೋ ಇಲ್ಲ. ಫೋಟೋದವನು ಬಂದು ಕಪ್ಪು ಬಟ್ಟೆಯೊಳಗಿಂದ ನೋಡಿ, "ಮುಖ ಭಾಳ ಒಳಗ ಹೋಗೇತ್ರಿ, ಬರೇ ಎಲುವು ಬರತೈತಿ," ಎಂದನಂತೆ. ಅಜ್ಜಿಯೇ ಶೇವಂತಕ್ಕನನ್ನು ಕರೆಯಲು ಹೇಳಿದಳು. ಮಕ್ಕಳನ್ನು ಅಡುಗೆಮನೆಗೆ ಕಳಿಸಿದರು. ಬಾಗಿಲ ಸಂದಿಯಿಂದ ನನಗೆ ಕಂಡದ್ದು ಶೇವಂತಕ್ಕನ ಬೆನ್ನು, ಪಕ್ಕದಲ್ಲಿ ಕುಳಿತ ಚಿಗವ್ವನ ಜಡೆ. ಅವ್ವ ಕಾಣಲಿಲ್ಲ.

ವರ್ಷ ತುಂಬಿದ ಮೇಲೆ ಅಪ್ಪ ಚಿಗವ್ವನನ್ನೇ ಲಗ್ನ ಮಾಡಿಕೊಂಡ. ದೇಶಪಾಂಡೆ ನಗರದಲ್ಲಿ ಹೊಸ ಮನೆಯಾಯಿತು. ಚಿಗವ್ವ ನನ್ನನ್ನು ಕಡಿಮೆ ಮಾಡಿ ನೋಡಲಿಲ್ಲ. ತಮ್ಮಂದಿರು ಹುಟ್ಟಿದರು, ಅವರು ಚಿಗವ್ವನ ಅಚ್ಚು. ಗೋಡೆಯ ಮೇಲಿನ ಅವ್ವನಿಗೂ ಚಿಗವ್ವನಂತೆ ತುಂಬಿದ ಗಲ್ಲ, ಎಳೆಯ ಮಾವಿನಕಾಯಿಯ ತುದಿಯಂಥ ಸಣ್ಣ ಗದ್ದ. ನನಗೆ ಬತ್ತಿದ ಗಲ್ಲ, ಅಗಲ ಗದ್ದ. ಮನೆಗೆ ಬಂದವರು ಫೋಟೋ ನೋಡಿ, ನನ್ನನ್ನು ನೋಡಿ, "ಈಕಿ ಯಾರ ಹಂಗ ಆಗ್ಯಾಳೋ ಏನೋ," ಎನ್ನುವರು. ಅಪ್ಪನ ಮುಖವೂ ನನ್ನದಲ್ಲ. ತುಂಬಿದ ಮನೆಯಲ್ಲಿ ನಾನು ಯಾರನ್ನೂ ಹೋಲದೆ ಬೆಳೆದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೆಳತಿಯರ ತಾಯಂದಿರು ಬಂದರೆ, ಮೊದಲು ನಾನು ಅವರ ಗದ್ದಗಳನ್ನು ನೋಡುತ್ತಿದ್ದೆ.

ಓದು ಮುಗಿದ ವರ್ಷ ನನ್ನನ್ನು ನೋಡಲು ಬೀಗರು ಬರುವವರಿದ್ದರು. ಅಪ್ಪ ಹಳೆಯ ಓಣಿಯಿಂದ ಶೇವಂತಕ್ಕನನ್ನು ಕರೆಸಿದ. ಅವಳು ಮುದುಕಿಯಾಗಿದ್ದಳು. ನನ್ನ ಗದ್ದ ಹಿಡಿದು ಕಿಟಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. "ನಿಂದು ಎಲುವು ಎದ್ದ ಮುಖ ಐತಿ. ದವಡಿ ಒಂದೀಟ ತಗ್ಗಸ್ತೇನಿ, ಗಲ್ಲ ಎತ್ತತೇನಿ," ಎಂದು ಕೆಲಸಕ್ಕೆ ತೊಡಗಿದಳು. ದವಡೆಯ ಅಂಚಿಗೆ ನೆರಳು, ಗಲ್ಲದ ತಗ್ಗಿಗೆ ಬಿಳಿ, ಮೇಲೆ ಕೆಂಪು. ಕೊನೆಗೆ ಕನ್ನಡಿಯಲ್ಲಿ ನೋಡಿದರೆ ಗೋಡೆಯ ಮೇಲಿನ ಅವ್ವ ಕುಳಿತಿದ್ದಳು. ಅಪ್ಪ ಬಾಗಿಲಿಗೆ ಬಂದವನು ಹಾಗೆಯೇ ಹಿಂದಿರುಗಿದ. ಚಿಗವ್ವ ಒಳಗೆ ಬಂದಳು, ನಿಂತಳು, "ಇಷ್ಟ್ಯಾಕ ಗಲ್ಲ ತುಂಬೀರಿ? ಒರಸ್ರಿ," ಎಂದು ಹೇಳಿ ಹೋದಳು.

ನಾನು ಮಾತ್ರ ಹಿಗ್ಗಿದ್ದೆ. "ನನಗ ಅವ್ವನ ಮುಖ ಬಂತಲ್ರಿ," ಎಂದೆ.

ಶೇವಂತಕ್ಕ ಅರಿವೆ ಹಿಂಡುತ್ತ, "ನಿಮ್ಮವ್ವನ ಮುಖ ನಾ ಎಂದ ನೋಡಿದ್ದೆ, ತಂಗಿ?" ಎಂದಳು. ಅದರಲ್ಲಿ ದೂರು ಇರಲಿಲ್ಲ. "ಇದ್ದಾಗ ಸೆರಗಿನ್ಯಾಗ ಇರ್ತಿದ್ರು. ನಾ ನೋಡಿದಾಗ ಎಲುವು ಅಷ್ಟ ಉಳದಿತ್ತು. ಅಕ್ಕ ಮೊದಲ ಹೆಂಗಿದ್ರು ಅಂತ ನಿಮ್ಮ ಚಿಗವ್ವನ್ನ ಕೇಳಿದೆ. ಸಣ್ಣ ಹುಡುಗಿ, ಅಳಾಕತ್ತಿದ್ರು. ತಮ್ಮ ಗಲ್ಲದ ಮ್ಯಾಲೆ ಕೈ ಇಟಗೊಂಡು, ಹಿಂಗ, ಹಿಂಗ ಅಂತ ತೋರಿಸಿದ್ರು. ಅವರು ತೋರಿಸಿದ್ದನ್ನ ನಾ ಹಚ್ಚಿದೆ."

"ಹಂಗಾರ ನಂದು?"

"ನಿಂದ? ಓಣ್ಯಾಗ ಎಲ್ಲಾ ಹುಡುಗ್ಯಾರಿಗೂ ನಾ ಇದನ್ನ ಹಚ್ಚೂದು. ಬೀಗರಿಗೆ ಗಲ್ಲ ತುಂಬಿರಬೇಕು." ಆಮೇಲೆ, ನನ್ನ ಮುಖ ಒರೆಸುತ್ತ, ಮೆಲ್ಲಗೆ ಅಂದಳು: "ಎಲುವು ಮಾತ್ರ ನಿಂದು ನಿಮ್ಮವ್ವಂದ ಐತಿ ಅನಸ್ತೈತಿ. ಅವತ್ತ ಕೈಗೆ ಹತ್ತಿದ್ದು ಹಿಂಗ ಇತ್ತು. ಆದರ ಭಾಳ ವರ್ಷ ಆತಲಾ, ಕೈಗೆ ಎಷ್ಟ ಮುಖ ಹತ್ಯಾವು. ನಾ ಆಣಿ ಮಾಡಿ ಹೇಳಂಗಿಲ್ಲ."

ಬೀಗರ ಮೋಟಾರು ಬಂದ ಸದ್ದಾಯಿತು. ಅವಳು ಡಬ್ಬಿ ಎತ್ತಿಕೊಂಡು ಹಿತ್ತಲ ಕಡೆ ನಡೆದಳು. ಈ ಮನೆಗೆ ಹಿತ್ತಲ ಬಾಗಿಲಿರಲಿಲ್ಲ. ಬಚ್ಚಲುಮನೆಯ ಪಕ್ಕದ ಗೋಡೆಯ ನೆರಳಿನಲ್ಲಿ, ಬೀಗರು ಹೋಗುವತನಕ, ಅವಳು ನಿಂತೇ ಇದ್ದಳೆಂದು ಆಮೇಲೆ ತಿಳಿಯಿತು. ಹುಡುಗಿ ಹೆಚ್ಚು ಓದಿದ್ದಾಳೆಂದು ಆ ಸಂಬಂಧ ಮುರಿಯಿತು. ಅದರ ನೋವು ನನಗೆ ನೆನಪಿಲ್ಲ.

ಕೆಲವು ತಿಂಗಳ ಮೇಲೆ, ಇನ್ನೊಮ್ಮೆ ಅವಳ ಕೈಗೆ ಮುಖ ಕೊಟ್ಟು ಕೇಳಬೇಕೆಂದು ಹಳೆಯ ಓಣಿಗೆ ಹೋದೆ. ಅವಳ ಕೋಣೆಯಲ್ಲಿ ಹೊಲಿಗೆಯವನೊಬ್ಬ ಮಷೀನು ಹಾಕಿಕೊಂಡಿದ್ದ. "ಆ ಬಾಯಾರ ತೀರಿಹೋದ್ರಲ್ರಿ, ಬ್ಯಾಸಗಿ ಒಳಗ," ಎಂದ. ಮಣ್ಣಿಗೆ ಯಾರು ಬಂದಿದ್ದರು, ಯಾರು ಅವಳ ಮುಖಕ್ಕೆ ನೀರು ಸೋಕಿಸಿದರು, ಅವನಿಗೆ ಗೊತ್ತಿರಲಿಲ್ಲ. ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳದೊಂದು ಫೋಟೋ ಇದ್ದಂತೆ ಯಾರೂ ಹೇಳಲಿಲ್ಲ. ಈಗ ಇದನ್ನು ಬರೆಯುವಾಗ ಅವಳ ಮುಖ ನೆನೆಯಲು ನೋಡಿದೆ. ಕೈ ಬರುತ್ತದೆ, ದನಿ ಬರುತ್ತದೆ, ಮುಖ ಬರುವುದಿಲ್ಲ.

ಅಪ್ಪನೂ ಅಜ್ಜಿಯೂ ಈಗಿಲ್ಲ, ಅವ್ವನ ಮುಖ ಕಂಡವರಲ್ಲಿ ಇನ್ನು ಉಳಿದವಳು ಚಿಗವ್ವ. ಕಳೆದ ಭಾನುವಾರ ಧಾರವಾಡದಿಂದ ಹುಬ್ಬಳ್ಳಿಯ ಮನೆಗೆ ಹೋದಾಗ ಅವಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದಳು. ನಾನೂ ಎದುರು ಕುಳಿತು ಒಂದು ಸಿವುಡು ಎಳೆದುಕೊಂಡೆ. ಅಂದು ಅವಳು ಏನು ತೋರಿಸಿದಳೆಂದು ಕೇಳಲಿಲ್ಲ. ಅಳುವ ಹುಡುಗಿಯನ್ನು ಈಗ ಹಿಡಿದು ಕೇಳುವುದೇನು? ನನಗೆ ಬೇಕಾದದ್ದನ್ನಷ್ಟೇ ಕೇಳಿದೆ. ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು, ಮತ್ತೆ ಸೊಪ್ಪಿನ ಕಡೆ ತಿರುಗಿದಳು. ಹೊರಡುವಾಗ ಡಬ್ಬಿ ತುಂಬ ಪಲ್ಯ ಕಟ್ಟಿಕೊಟ್ಟಳು. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಅವ್ವಂದು ಗದ್ದ ನನ್ನಂಗ ಅಗಲ ಇತ್ತೇನು?"