ತೇಕುವ ಯಂತ್ರಗಳ ಬ್ರಷ್ಷಕ್ಕ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಮನೆಯ ಮುಂದಿನ ಕೋಣೆಯಲ್ಲಿ, ಒಂದು ಕಾಲಕ್ಕೆ ಊಟದ ಮೇಜಾಗಿದ್ದ ಹಲಗೆಯ ಮುಂದೆ ನಲವತ್ತೇಳು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ಹಲಗೆಯ ಮೇಲೆ ಪಕ್ಕದ ಮುಚ್ಚಳ ಬಿಚ್ಚಿದ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್. ಮಾನಿಟರಿನ ಮೂಲೆಯಲ್ಲಿ ಎರಡೇ ಅಂಕಿಗಳು: ಒಂದು ಪ್ರೊಸೆಸರಿನ ಬಿಸಿ, ಇನ್ನೊಂದು ಅದರ ವೇಗ. ಅವರು ಯಂತ್ರಕ್ಕೆ ಬೇಕೆಂದೇ ಭಾರೀ ಲೆಕ್ಕವೊಂದನ್ನು ಹೊರಿಸಿ, ಎರಡು ಅಂಕಿಗಳನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ.

ಸುತ್ತಲಿನ ನಾಲ್ಕೈದು ಬೀದಿಗಳಲ್ಲಿ ಇವರ ಹೆಸರು ಬ್ರಷ್ಷಕ್ಕ. ಸ್ವಂತ ಹೆಸರು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಹೊಸ ಕಂಪ್ಯೂಟರ್ ಮಾರುವುದಿಲ್ಲ, ಮೊಬೈಲ್ ಮುಟ್ಟುವುದಿಲ್ಲ. ಅವರ ಬಳಿಗೆ ಬರುವುದು ಒಂದೇ ಬಗೆಯ ರೋಗಿಗಳು. ಸುಮ್ಮನಿದ್ದಾಗ ಚೆನ್ನಾಗಿದ್ದು, ಕೆಲಸದ ಹೊರೆ ಬಿದ್ದೊಡನೆ ಕುಸಿಯುವ ಯಂತ್ರಗಳು. ಇದಕ್ಕೆ ಅವರದೇ ಒಂದು ಪದವಿದೆ: ತೇಕುವುದು.

"ಕೆಟ್ಟು ಹೋಗೋದು ಬೇರೆ, ತೇಕೋದು ಬೇರೆ" ಎನ್ನುತ್ತಾರೆ, ಪತ್ರಿಕೆಗಾಗಿ ಅವರ ಒಂದು ದಿನದ ಕೆಲಸ ನೋಡಲು ಬಂದ ನಮಗೆ. "ಕೆಟ್ಟಿದ್ದು ಏಳೋದೇ ಇಲ್ಲ. ತೇಕೋದು ಎದ್ದು ನಿಲ್ಲುತ್ತೆ, ನಾಲ್ಕು ಮೆಟ್ಟಿಲು ಹತ್ತುತ್ತೆ, ಆಮೇಲೆ ಅಲ್ಲೇ ಕೂತುಬಿಡುತ್ತೆ. ಅದಕ್ಕೆ ಬೈದು ಏನು ಬಂತು? ಯಾಕೆ ಕೂತೆ ಅಂತ ಕೇಳಬೇಕು."

ಬೆಳಗಿನ ಹೊತ್ತನ್ನು ಅವರು ಆರಿಸಿಕೊಂಡದ್ದಕ್ಕೆ ಕಾರಣವಿದೆ. ದಿನದಲ್ಲಿ ಅತಿ ತಂಪಾದ ಹೊತ್ತು ಅದು. ಆ ತಂಪಿನಲ್ಲೂ ಯಂತ್ರ ತೇಕಿದರೆ ತೊಂದರೆ ಯಂತ್ರದ ಒಳಗಿದೆ. ಬೆಳಿಗ್ಗೆ ಓಡಿ ಮಧ್ಯಾಹ್ನ ತೇಕಿದರೆ ತೊಂದರೆ ಕೋಣೆಯಲ್ಲೋ ಗಾಳಿಯಲ್ಲೋ ಇದೆ. ಹದಿನಾರು ವರ್ಷಗಳಿಂದ ಪ್ರತಿ ಯಂತ್ರಕ್ಕೂ ಈ ಎರಡು ಹೊತ್ತಿನ ಪರೀಕ್ಷೆ ತಪ್ಪಿಲ್ಲ.

ಇಂದು ಹಲಗೆಯ ಮೇಲಿರುವುದು ಹಳೆಯ ರೋಗಿ. ಕಟ್ಟಬೇಕಾದ ಮನೆಗಳು ಕಟ್ಟಿದ ಮೇಲೆ ಹೇಗೆ ಕಾಣುತ್ತವೆಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿಕೊಡುವ ಒಬ್ಬ ಮಹಿಳೆಯದು. ಈ ಮನೆಯಲ್ಲಿ ಅವರಿಗೆ ಚಿತ್ರದ ಮೇಡಂ ಎಂದೇ ಹೆಸರು. ಮೂರು ವಾರದ ಹಿಂದೆ ಯಂತ್ರ ಕಾಯುತ್ತದೆ, ಗದ್ದಲ ಮಾಡುತ್ತದೆ ಎಂದು ತಂದಿದ್ದರು. ಬ್ರಷ್ಷಕ್ಕ ಪ್ರೊಸೆಸರನ್ನು ತಣಿಸುವ ಹಳೆಯ ಚಿಕ್ಕ ಕೂಲರ್ ತೆಗೆದು ಎತ್ತರದ ಹೊಸ ಕೂಲರ್ ಕೂರಿಸಿ ಕಳಿಸಿದರು. ಅದು ಈಗ ವಾಪಸ್ ಬಂದಿದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿದೆ. ಹನ್ನೆರಡು ಚಿತ್ರಗಳನ್ನು ನಾಳೆ ಬೆಳಿಗ್ಗೆ ಹತ್ತಕ್ಕೆ ಒಪ್ಪಿಸದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆ. ದೊಡ್ಡ ಅಂಗಡಿಯೊಂದರಲ್ಲಿ ಕೇಳಿದ್ದಕ್ಕೆ, "ಪ್ರೊಸೆಸರ್ ಹೋಗಿದೆ, ರಿಪೇರಿ ಮಾಡಿದವರೇ ಕೆಡಿಸಿದ್ದಾರೆ" ಎಂದರಂತೆ. ಮೇಡಂ ಆ ಮಾತನ್ನು ನಿನ್ನೆ ಸಂಜೆ ಬಾಗಿಲಲ್ಲೇ ನಿಂತು ಒಪ್ಪಿಸಿ, ಇಂದು ಬೆಳಿಗ್ಗೆ ಹನ್ನೊಂದರೊಳಗೆ ಯಂತ್ರ ತನ್ನ ಮೇಜಿನ ಮೇಲಿರಬೇಕೆಂದು ಹೇಳಿ ಹೋಗಿದ್ದಾರೆ. ಬ್ರಷ್ಷಕ್ಕನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಈ ಮೇಡಂ ಬಾಯಿಂದ ಕೇಳಿ ಬಂದವರು. ಹೋದರೆ ಒಬ್ಬರೇ ಹೋಗುವುದಿಲ್ಲ.

ಬ್ರಷ್ಷಕ್ಕ ಓದಿದ್ದು ಒಂಬತ್ತನೇ ತರಗತಿ. ಕಂಪ್ಯೂಟರ್ ಕಲಿಸುವ ಕೇಂದ್ರವೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದವರು. ಯಂತ್ರಗಳನ್ನು ಮುಟ್ಟಕೂಡದೆಂಬ ಕಟ್ಟಪ್ಪಣೆ ಇತ್ತು. ಒಂದು ದಿನ ಮೇಷ್ಟ್ರು ಒಂದು ಯಂತ್ರದ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದಾಗ ಇವರು ಪೊರಕೆ ಹಿಡಿದು ನಿಂತು, "ಸಾರ್, ಅದರ ಹಿಂದಿನ ತೂತಲ್ಲಿ ಗಾಳಿ ಬರ್ತಿಲ್ಲ. ಬೇರೆ ಎಲ್ಲದರಲ್ಲೂ ಬರುತ್ತೆ" ಎಂದರು. ದಿನಾ ನೆಲ ಒರೆಸುವಾಗ ಕಾಲಿಗೆ ಬಿಸಿಗಾಳಿ ತಾಗುತ್ತಿತ್ತು. ಆ ಒಂದರ ಹತ್ತಿರ ಮಾತ್ರ ತಾಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಫ್ಯಾನಿಗೂ ಕೂಲರಿಗೂ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಮೇಷ್ಟ್ರು ಬಣ್ಣ ಬಳಿಯುವ ಒಂದು ಬ್ರಷ್ಷು ಕೈಗೆ ಕೊಟ್ಟರು. ಅಲ್ಲಿಂದ ಶುರು.

"ಮೇಷ್ಟ್ರು ಒಳ್ಳೆಯವರು. ಆದ್ರೆ ಬ್ರಷ್ಷು ಕೊಟ್ಟ ಮೇಲೂ ಪೊರಕೆ ವಾಪಸ್ ತಗೊಳ್ಳಲಿಲ್ಲ" ಎಂದು ನಗುತ್ತಾರೆ. ಆರು ವರ್ಷ ಎರಡೂ ಕೆಲಸ ಮಾಡಿದರು. ಲಾರಿಗೆ ಸರಕು ಹೇರುತ್ತಿದ್ದ ಗಂಡ ಬಿದ್ದು ಸೊಂಟ ಮುರಿದುಕೊಂಡಾಗ ಕೇಂದ್ರ ಬಿಟ್ಟು, ಮನೆಯಲ್ಲೇ ಹಲಗೆ ಹಾಕಿಕೊಂಡರು. ಎರಡು ಕೈಯಿಂದಲೂ ಗಂಡನನ್ನು ಎತ್ತಿ ಕೂರಿಸಬೇಕಾಗಿದ್ದ ದಿನಗಳವು. ಹೊರಗೆ ಹೋಗಿ ದುಡಿಯುವಂತಿರಲಿಲ್ಲ.

ಈಗ ಗಂಡ ಕೋಲೂರಿ ನಡೆಯುತ್ತಾರೆ. ಅಡುಗೆ ಅವರದು, ಫೋನೂ ಅವರದು. ಮೊದಮೊದಲು ಫೋನು ಮಾಡಿದವರು ಹೆಂಗಸಿನ ದನಿ ಕೇಳಿ, ಮನೆಯಲ್ಲಿ ಗಂಡಸರಿಲ್ಲವೇ ಎನ್ನುತ್ತಿದ್ದರು. ಗಂಡ ರಿಸೀವರ್ ತೆಗೆದುಕೊಂಡು ಹೇಳುತ್ತಿದ್ದ ಉತ್ತರ ಈಗಲೂ ಅದೇ: "ಇದ್ದೀನಿ ಸ್ವಾಮಿ. ಆದ್ರೆ ನನಗೆ ಬಲ್ಬ್ ಬದಲಾಯಿಸೋಕೂ ಬರಲ್ಲ. ಅವಳಿಗೇ ಕೊಡ್ತೀನಿ."

ಗಿರಾಕಿ ಹೇಳಿದ್ದನ್ನು ಗಂಡ ಒಂದು ಪುಸ್ತಕದಲ್ಲಿ ಹೇಳಿದ ಹಾಗೆಯೇ ಬರೆಯಬೇಕೆಂಬುದು ಹೆಂಡತಿಯ ಕಟ್ಟುನಿಟ್ಟು. ಬರೀ 'ನಿಧಾನ' ಎಂದು ಬರೆದರೆ ಅವರು ಪುಸ್ತಕವನ್ನು ವಾಪಸ್ ತಳ್ಳುತ್ತಾರೆ. ಏನು ಮಾಡುವಾಗ ನಿಧಾನ, ಎಷ್ಟು ಹೊತ್ತಿನ ಮೇಲೆ ನಿಧಾನ, ಅದು ಬೇಕು. ಹೀಗಾಗಿ ಆ ಪುಸ್ತಕ ಓದಲು ಮಜವಾಗಿದೆ. 'ಹಾಡು ಕೇಳಿದರೆ ಸರಿ, ವಿಡಿಯೊ ಜೋಡಿಸಿದರೆ ಸಾಯುತ್ತದೆ.' 'ಗೋಡೆಗೆ ಒತ್ತಿ ಇಟ್ಟ ಮೇಲಿನಿಂದ ಮುನಿಸು.' 'ಥೇಟ್ ನನ್ನ ಅಳಿಯನ ಹಾಗೆ, ಕೆಲಸ ಹೇಳಿದರೆ ಮಾತ್ರ ಸುಸ್ತು.'

ದಿನಕ್ಕೆ ನಾಲ್ಕು ಯಂತ್ರ, ಬೇಸಿಗೆಯಲ್ಲಿ ಒಂಬತ್ತು ಹತ್ತು. ಹತ್ತರಲ್ಲಿ ಆರಕ್ಕೆ ಧೂಳು. ಎರಡಕ್ಕೆ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಒಂದಕ್ಕೆ ಕೂಲರಿನ ತಳದ ರಕ್ಷಣೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಯಾರೋ ಸುಲಿಯದೆ ಹಾಗೇ ಕೂರಿಸಿರುತ್ತಾರೆ. ಉಳಿದ ಒಂದು ತಲೆ ತಿನ್ನುತ್ತದೆ. ಅವರ ಬಲಗೈಯ ಬೆರಳುಗಳ ತುದಿಯಲ್ಲಿ ಕೂಲರಿನ ತೆಳು ತಗಡುಗಳು ಕೊಯ್ದ ಗೆರೆಗಳಿವೆ. ಬೆರಳಚ್ಚು ಒತ್ತಿ ತೆರೆಯುವ ಬಾಗಿಲುಗಳು ಇವರಿಗೆ ತೆರೆಯುವುದಿಲ್ಲ.

ಮೇಡಂ ಯಂತ್ರ ಆ ಹತ್ತನೆಯದು. ಆರೂಕಾಲಿಗೆ ಮುಕ್ಕಾಲು ಗಂಟೆಯ ಹೊರೆ ಮುಗಿಯುತ್ತದೆ. ಬಿಸಿ ಅರವತ್ತೆರಡು ಡಿಗ್ರಿ, ವೇಗ ನಾಲ್ಕು ಗಿಗಾಹರ್ಟ್ಸ್. ಅಂಕಿಗಳು ಕೂದಲೆಳೆಯಷ್ಟೂ ಅಲುಗಿಲ್ಲ. ಬ್ರಷ್ಷಕ್ಕನ ಮುಖದಲ್ಲಿ ಸಂತೋಷವಿಲ್ಲ. ಮೂರು ವಾರದ ಹಿಂದೆಯೂ ಇದೇ ಹೊತ್ತಿಗೆ ಇದೇ ಅಂಕಿಗಳು ಬಂದಿದ್ದವು. ಅವರು ಪುಸ್ತಕ ತೆಗೆದು ಗಂಡ ನಿನ್ನೆ ಬರೆದಿಟ್ಟ ಸಾಲು ಓದುತ್ತಾರೆ: 'ಮೊದಲ ಹತ್ತು ನಿಮಿಷ ಕುದುರೆ, ಆಮೇಲೆ ಎಮ್ಮೆ. ಬಿಸಿಯೇನೂ ತೋರಿಸುವುದಿಲ್ಲ.'

"ಅವರ ಮನೇಲಿ ಹೇಗಿರುತ್ತೋ ಹಾಗೆ ಇಡಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಪಕ್ಕದ ಮುಚ್ಚಳ ಹಾಕಿ ತಿರುಪು ಬಿಗಿಯುತ್ತಾರೆ. ತಲೆಯ ಮೇಲಿನ ಫ್ಯಾನನ್ನೂ ಆರಿಸುತ್ತಾರೆ. ಒಳಕೋಣೆಯಿಂದ ಅತ್ತೆಯ ದನಿ ಬರುತ್ತದೆ. "ಯಾರೇ ಅದು ಫ್ಯಾನ್ ಆರಿಸಿದ್ದು? ನನ್ನನ್ನ ಬೇಯಿಸ್ತೀಯಾ?"

"ಸ್ವಲ್ಪ ತಡ್ಕೊಳ್ಳಿ ಅತ್ತೆ. ಮುಂದಿನ ಕೋಣೇದು ಆರಿಸಿದ್ರೆ ನಿಮಗೇನು?"

"ಅಲ್ಲಿಂದ ಬರೋ ಗಾಳೀನೇ ನನಗೆ ಗತಿ."

ಹನ್ನೆರಡನೇ ನಿಮಿಷಕ್ಕೆ ವೇಗದ ಅಂಕಿ ಕುಸಿಯುತ್ತದೆ. ನಾಲ್ಕಿದ್ದದ್ದು ಒಂದಕ್ಕಿಂತ ಕೆಳಗೆ. ಬಿಸಿ ಐವತ್ತಕ್ಕೆ ಇಳಿದಿದೆ. ಬಿಸಿಯಾದಾಗ ತನ್ನನ್ನು ತಾನು ಉಳಿಸಿಕೊಳ್ಳಲು ಪ್ರೊಸೆಸರ್ ನಿಧಾನವಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಇದು ತಣ್ಣಗಿದ್ದೂ ಮಲಗಿಬಿಟ್ಟಿದೆ.

ಮುಚ್ಚಳ ತೆಗೆದು ಅವರು ತೋರುಬೆರಳನ್ನು ಬೋರ್ಡಿನ ಮೇಲೆ ಒಂದೊಂದೇ ಕಡೆ ತಾಗಿಸಿ ತಾಗಿಸಿ ನೋಡುತ್ತಾರೆ. ಕೂಲರ್ ಬೆಚ್ಚಗೆ. ಮೆಮೊರಿ ಬೆಚ್ಚಗೆ. ಪ್ರೊಸೆಸರಿನ ಪಕ್ಕದಲ್ಲಿ, ಅದಕ್ಕೆ ಕರೆಂಟನ್ನು ಹದಮಾಡಿ ಬಡಿಸುವ ಪುಟ್ಟ ಚಿಪ್ಪುಗಳ ಸಾಲಿದೆ. ಅಲ್ಲಿ ಬೆರಳಿಟ್ಟವರೇ ಚಟ್ಟನೆ ಹಿಂದೆಗೆದು ಬಾಯಲ್ಲಿಟ್ಟುಕೊಳ್ಳುತ್ತಾರೆ.

ಗಂಡನ ಪುಸ್ತಕವನ್ನೇ ಮಡಚಿ, ಆ ಚಿಪ್ಪುಗಳ ಮೇಲೆ ಬೀಸತೊಡಗುತ್ತಾರೆ. ಅರ್ಧ ನಿಮಿಷಕ್ಕೆ ಅಂಕಿ ಒಂದೂವರೆ, ಎರಡೂಕಾಲು, ಮೂರೂವರೆ, ನಾಲ್ಕು. ಬೀಸುವುದು ನಿಲ್ಲಿಸಿ ಮುಚ್ಚಳ ಅಡ್ಡ ಹಿಡಿದರೆ, ಕೆಲವೇ ನಿಮಿಷಕ್ಕೆ ಮತ್ತೆ ಇಳಿಯುತ್ತದೆ. ಮತ್ತೆ ಬೀಸಿದರೆ ಏರುತ್ತದೆ. ನೀರು ಕುಡಿಯಲು ಎದ್ದು ಬಂದ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾರೆ.

"ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ ಆಯ್ತು. ನನಗೆ ಒಂದು ದಿನ ಹೀಗೆ ಬೀಸಿದವಳಲ್ಲ. ಈ ಡಬ್ಬಕ್ಕೆ ನೋಡು ರಾಜೋಪಚಾರ."

"ನಿಮ್ಮ ಮೇಲೂ ಒಂದು ಅಂಕಿ ಕಂಡಿದ್ರೆ ಬೀಸ್ತಿದ್ದೆ ಅತ್ತೆ" ಎನ್ನುತ್ತಾರೆ ಬ್ರಷ್ಷಕ್ಕ, ಕೈ ನಿಲ್ಲಿಸದೆ.

ಆದದ್ದು ಇಷ್ಟು. ಹಳೆಯ ಚಿಕ್ಕ ಕೂಲರಿನ ಫ್ಯಾನು ಕೆಳಮುಖವಾಗಿ ಬೀಸುತ್ತಿತ್ತು. ಪ್ರೊಸೆಸರಿಗೆ ಬೀಸಿದ ಗಾಳಿ ಬೋರ್ಡಿಗೆ ಬಡಿದು ಸುತ್ತಲೂ ಹರಡಿ, ಪಕ್ಕದ ಚಿಪ್ಪುಗಳನ್ನೂ ತಣಿಸುತ್ತಿತ್ತು. ಹೊಸ ಎತ್ತರದ ಕೂಲರ್ ಅದಕ್ಕಿಂತ ನೂರು ಪಾಲು ಮೇಲು, ಆದರೆ ಅಡ್ಡಡ್ಡ ಬೀಸುತ್ತದೆ. ಪ್ರೊಸೆಸರ್ ತಣ್ಣಗಾಯಿತು. ನೆರೆಯ ಚಿಪ್ಪುಗಳಿಗೆ ಬರುತ್ತಿದ್ದ ಬಿಟ್ಟಿ ಗಾಳಿ ನಿಂತುಹೋಯಿತು. ಅವು ಕಾದು ಕೆಂಡವಾದಾಗ ಬೋರ್ಡು ಪ್ರೊಸೆಸರಿಗೆ 'ನಿಧಾನ' ಎಂದು ಹೇಳುತ್ತದೆ. ಮುಚ್ಚಳ ತೆಗೆದು, ತಲೆಯ ಮೇಲೆ ಫ್ಯಾನು ಹಾಕಿಕೊಂಡು ಪರೀಕ್ಷೆ ಮಾಡಿದರೆ, ಬೆಳಿಗ್ಗೆಯಾದರೂ ಮಧ್ಯಾಹ್ನವಾದರೂ ಇದು ಎಂದೂ ಸಿಕ್ಕುವುದಿಲ್ಲ. ಹದಿನಾರು ವರ್ಷದ ಪರೀಕ್ಷೆಯಲ್ಲೇ ತೂತಿತ್ತು.

"ನಾನೇ ಕೆಡಿಸಿದ್ದು" ಎನ್ನುತ್ತಾರೆ ಬ್ರಷ್ಷಕ್ಕ. "ಒಳ್ಳೆ ಸಾಮಾನು ಹಾಕಿ ಕೆಡಿಸಿದೆ."

ಹಳೆಯ ಯಂತ್ರವೊಂದರಿಂದ ತೆಗೆದಿಟ್ಟ ಅಂಗೈಯಗಲದ ಫ್ಯಾನೊಂದನ್ನು ಹುಡುಕಿ, ಚಿಪ್ಪುಗಳಿಗೆ ಮುಖಮಾಡಿ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿಯುತ್ತಾರೆ. ಮುಚ್ಚಳ ಹಾಕಿ, ಕಿಟಕಿಯನ್ನೂ ಮುಚ್ಚಿ ಮುಕ್ಕಾಲು ಗಂಟೆ ಹೊರೆ ಹೊರಿಸುತ್ತಾರೆ. ಅಂಕಿ ನಾಲ್ಕರಿಂದ ಕೆಳಗಿಳಿಯುವುದಿಲ್ಲ. ಅತ್ತೆ ಸೆರಗಿನಿಂದ ಬೀಸಿಕೊಳ್ಳುತ್ತಾ ಇಡೀ ಹೊತ್ತು ಗೊಣಗುತ್ತಾರೆ.

ಗಂಡ ತಿಂಡಿ ತಟ್ಟೆ ತಂದಿಟ್ಟು ಮೆಲ್ಲಗೆ ಕೇಳುತ್ತಾರೆ. "ಮೇಡಮ್ಮಿಗೆ ಏನಂತ ಹೇಳ್ತೀಯಾ?"

"ಆಗಿದ್ದು."

"ಬೋರ್ಡು ಸ್ವಲ್ಪ ವೀಕು, ಅದಕ್ಕೊಂದು ಫ್ಯಾನ್ ಕೊಟ್ಟಿದ್ದೀನಿ ಅಂದ್ರೆ ಮುಗೀತಲ್ಲ. ಸುಳ್ಳೂ ಅಲ್ಲ."

"ಸುಳ್ಳಲ್ಲ. ಆದ್ರೆ ಮೂರು ವಾರದ ಹಿಂದೆಯೂ ಬೋರ್ಡು ಅಷ್ಟೇ ವೀಕಾಗಿತ್ತು. ಆಗ ಓಡ್ತಿತ್ತಲ್ಲ?"

"ಅಂಗಡಿಯವರು ಹೇಳಿದ್ದೇ ನಿಜ ಅಂದ್ಕೋತಾರೆ ಕಣೇ. ಮೇಡಂ ಕಳಿಸಿದವರೂ ಒಬ್ಬರಾದ ಮೇಲೆ ಒಬ್ಬರು ಬರೋದು ಬಿಡ್ತಾರೆ. ಹದಿನಾರು ವರ್ಷ ಕಷ್ಟಪಟ್ಟಿದ್ದೀಯಾ."

"ಅದಕ್ಕೇ ಹೇಳೋದು. ನಾಳೆ ಇನ್ನೊಬ್ಬರು ಈ ಮುಚ್ಚಳ ಬಿಚ್ಚಿ ನೋಡಿದ್ರೆ, ಆ ಹೆಂಗಸು ಗೊತ್ತಿದ್ದೂ ಮುಚ್ಚಿಟ್ಟಳು ಅಂತಾರೆ. ಗೊತ್ತಾಗದೆ ಮಾಡಿದಳು ಅನ್ನಿಸ್ಕೊಂಡ್ರೆ ಪರವಾಗಿಲ್ಲ." ಆಮೇಲೆ ನಮ್ಮ ಕಡೆ ತಿರುಗಿ, ಪತ್ರಿಕೆಗೆ ಎಂದು ಬೇರೆಯಾಗಿ ಹೇಳುತ್ತಾರೆ: "ಇದನ್ನೂ ಬರೀರಿ. ನನ್ನ ಥರ ಇರೋ ರಿಪೇರಿಯವರು ಓದಿದ್ರೆ, ದೊಡ್ಡ ಕೂಲರ್ ಹಾಕಿದ ಮೇಲೆ ಪಕ್ಕದಲ್ಲಿ ಒಂದ್ಸಲ ಬೆರಳಿಟ್ಟು ನೋಡ್ತಾರೆ."

ಗಂಡ ಪೆನ್ನು ತೆಗೆದು ಪುಸ್ತಕದ ಪುಟಕ್ಕೆ ಹೊಸದೊಂದು ಗೆರೆ ಎಳೆಯುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ ಎಂಬ ಎರಡು ಅಂಕಣಗಳ ಪಕ್ಕದಲ್ಲಿ ಮೂರನೆಯದು: 'ಮುಚ್ಚಿದ ಮೇಲೆ.'

ಹತ್ತೂವರೆಗೆ ಯಂತ್ರ ಮೇಡಂ ಮೇಜಿನ ಮೇಲಿದೆ. ಎರಡು ಕೋಣೆಯ ಕಚೇರಿ, ಗೋಡೆಯ ತುಂಬ ಇನ್ನೂ ಕಟ್ಟದ ಮನೆಗಳು. ಬ್ರಷ್ಷಕ್ಕ ನಿಂತೇ ಹೇಳುತ್ತಾರೆ, ಪೀಠಿಕೆಯಿಲ್ಲದೆ. ಕೂಲರ್ ಬದಲಾಯಿಸಿದ್ದು ನಾನು, ಅದರಿಂದಲೇ ಹೀಗಾಯಿತು, ಅದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ. "ಮೂರು ವಾರ ನನ್ನ ಫೈಲೇ ಭಾರ ಆಯ್ತು ಅಂದ್ಕೊಂಡು ಒಂದೊಂದೇ ಮರ, ಒಂದೊಂದೇ ಕುರ್ಚಿ ಅಳಿಸ್ತಾ ಕೂತಿದ್ದೆ. ಗೊತ್ತಾ ನಿಮಗೆ?"

"ಗೊತ್ತಿರಲಿಲ್ಲ."

"ಇದು ನಿಮ್ಮಿಂದ ಅಂತ ನೀವೇ ಬಂದು ಹೇಳ್ತಿದ್ದೀರಿ."

"ಹೌದು."

ಮೇಡಂ ಮೊದಲ ಚಿತ್ರವನ್ನು ಓಡಿಸುತ್ತಾರೆ. ಕೂತುಕೊಳ್ಳಿ ಎನ್ನುವುದಿಲ್ಲ. ಬ್ರಷ್ಷಕ್ಕ ಗೋಡೆಗೊರಗಿ ನಿಂತಿರುತ್ತಾರೆ. ಪರದೆಯ ಮೇಲೆ ಮನೆಯೊಂದು ಚೌಕ ಚೌಕವಾಗಿ ಮೂಡುತ್ತದೆ. ಮೊದಲು ಆಕಾಶ, ಆಮೇಲೆ ಮಹಡಿ, ಕಿಟಕಿಗಳು, ಕಡೆಗೆ ಬಾಗಿಲ ಮುಂದಿನ ನೆರಳು. ಹನ್ನೆರಡನೇ ನಿಮಿಷ ದಾಟುತ್ತದೆ. ಇಪ್ಪತ್ತು, ಮೂವತ್ತು. ನಲವತ್ತಮೂರನೇ ನಿಮಿಷಕ್ಕೆ ಚಿತ್ರ ಪೂರ್ತಿಯಾಗುತ್ತದೆ. ಇನ್ನು ಹನ್ನೊಂದು ಉಳಿದಿವೆ. ಎಂಟು ಗಂಟೆ ಸಾಕು.

ಮೇಡಂ ಎರಡನೆಯದನ್ನು ಹಚ್ಚಿ, ಕುರ್ಚಿ ತಿರುಗಿಸುತ್ತಾರೆ. ಮುಖ ಇನ್ನೂ ಗಂಟು. "ಮುಂದಿನ ಸಲ ಮುಚ್ಚಳ ಹಾಕಿ, ನನ್ನ ಕಣ್ಣೆದುರಿಗೇ ಪರೀಕ್ಷೆ ಮಾಡಿಕೊಡಿ. ಇಲ್ಲಿಂದ ಅಲ್ಲಿಗೆ ಹೊತ್ತು ತಿರುಗೋಕೆ ನನಗೆ ಹೊತ್ತಿಲ್ಲ."

"ಆಗಲಿ ಮೇಡಂ."

ಬ್ರಷ್ಷಕ್ಕ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಾರೆ. ಕೆಳಗೆ ಗಂಡ ಕೋಲೂರಿಕೊಂಡು ಕಾಯುತ್ತಿದ್ದಾರೆ. ಹೆಂಡತಿಯ ಮುಖ ನೋಡಿ, ಬೈದರಾ ಎಂದು ಕೇಳುತ್ತಾರೆ.

"ಬೈದ್ರು" ಎನ್ನುತ್ತಾರೆ ಅವರು. "ಮುಂದಿನ ಸಲ ಹೇಗೆ ಮಾಡಬೇಕು ಅಂತ ಬೈದ್ರು."