ಮಾಳಪ್ಪನ ಸಿಳ್ಳು

ಬೈಲಹೊಂಗಲದ ಸಂತೆಯಲ್ಲಿ ತಿಳಿದವರು ಯಾರೂ ಸಂಗೊಳ್ಳಿಯ ಮಾಳಪ್ಪನನ್ನು ಕೇಳದೆ ಕುರಿ ಕೊಳ್ಳುತ್ತಿರಲಿಲ್ಲ. ಕುರಿಯ ಕೆಳದುಟಿ ಸರಿಸಿ ಒಮ್ಮೆ ನೋಡಿದನೆಂದರೆ ಮುಗಿಯಿತು: ಇದು ಎರಡು ಹಲ್ಲಿನದು, ಎಳೆಯದು, ಇದು ನಾಲ್ಕು ಹಲ್ಲಿನದು, ಇದರ ಹಲ್ಲು ಸವೆದಿವೆ, ಮುದಿಯಾಗಿದೆ, ಬೇಡ. ಊರ ಕುರಿಗಳ ಬಾಯೆಲ್ಲ ನೋಡಿದ ಈ ಮಹಾರಾಯ ತನ್ನ ಬಾಯನ್ನು ಮಾತ್ರ ನೋಡಿಕೊಳ್ಳಲಿಲ್ಲ.

ಅವನಿಗೆ ಹೆಂಡತಿ ಮಕ್ಕಳಿಲ್ಲ. ಹೆಣ್ಣು ಕೊಡುವವರು ಮನೆಗೆ ಬಂದಾಗಲೆಲ್ಲ ಅವನು ಕುರಿಯ ಹಿಂದೆ ರಾಮದುರ್ಗದ ಕಡೆ ಹೋಗಿರುತ್ತಿದ್ದ. ಹಾಗೇ ವಯಸ್ಸು ಮೀರಿತು. ತನ್ನವಳು ಅಂತ ಇದ್ದದ್ದು ಅಕ್ಕ ಶಟ್ಟೆವ್ವ ಒಬ್ಬಳು, ಅವಳು ಕಿತ್ತೂರಿನಲ್ಲಿ ಗಂಡನ ಮನೆಯಲ್ಲಿ. ವರ್ಷದ ಬಹುಪಾಲು ಕಂಡವರ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿ, ಕಂಬಳಿ ಹೊದ್ದು ಮಲಗುವ ಬಾಳು. ಸಂಜೆಯಾದರೆ ಮುಂದಿನ ಹಲ್ಲಿಗೆ ನಾಲಿಗೆ ಒತ್ತಿ ಒಂದು ಸಿಳ್ಳು ಹಾಕುತ್ತಿದ್ದ. ಹೊಲದ ಆ ತುದಿಯ ಕುರಿಯೂ ಮೇವು ಬಿಟ್ಟು ಅವನತ್ತ ಓಡಿ ಬರುತ್ತಿತ್ತು. ತಾನು ಕರೆದರೆ ಬರುವ ಜೀವಗಳು ಲೋಕದಲ್ಲಿ ಇವಷ್ಟೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

೨೦೦೩ರಲ್ಲಿ, ದಸರೆಯ ಆಸುಪಾಸು, ಟಗರೊಂದು ಅವನ ಮುಖಕ್ಕೆ ಗುದ್ದಿತು. ಹಲ್ಲು ಬೀಳಲಿಲ್ಲ. ಆದರೆ ಮುಂದಿನ ಮೇಲ್ಹಲ್ಲೊಂದು ಬರಬರುತ್ತ ಕಪ್ಪಾಯಿತು, ಬಿಸಿ ಚಹಾ ತಾಕಿದರೆ ಜೀವ ಹೋಗುವಷ್ಟು ನೋವು. ಶಟ್ಟೆವ್ವ ಬೈದು ಬೈದು ಬೈಲಹೊಂಗಲದ ಹಲ್ಲಿನ ಡಾಕ್ಟರ್ ಮೀನಾ ಅವರ ಬಳಿ ಎಳೆದೊಯ್ದಳು.

"ಒಳಗಿನ ನರ ಸಾಯಾಕತ್ತೇತ್ರಿ ಮಾಳಪ್ಪಾರ," ಎಂದರು ಡಾಕ್ಟರ್. "ರೂಟ್ ಕೆನಾಲ್ ಮಾಡಿ ಬೇರು ಸ್ವಚ್ಛ ಮಾಡಿದ್ರ ಹಲ್ಲು ಉಳಿತೈತಿ. ಮುಂದ ಹಾಕಿದ್ರ ಕೀವು ಎಲುಬಿಗೆ ಇಳಿತೈತಿ. ಬಾಜೂ ಹಲ್ಲೂ ಹೋಗ್ತಾವ."

"ಎಷ್ಟ ಸಲ ಬರಬೇಕ್ರಿ ಡಾಕ್ಟರಕ್ಕಾರ?"

"ಮೂರ್ನಾಕ ಸಲ ಬರ್ರಿ, ಸಾಕು."

"ಈಗ ಕುರಿ ಈಯಾಕತ್ತಾವ್ರಿ. ಮರಿ ಗಟ್ಟಿ ಆಗ್ಲಿ, ಬರತೇನಿ."

ಮರಿ ಗಟ್ಟಿಯಾದವು. ಉಣ್ಣೆ ಕತ್ತರಿಸುವ ಕೆಲಸ ಬಂತು. ಆಮೇಲೆ ಸವದತ್ತಿ ಕಡೆ ಮೇವು ಚಲೋ ಇದೆಯೆಂದು ಸುದ್ದಿ ಬಂತು. ಅಷ್ಟರಲ್ಲಿ ನೋವೇ ನಿಂತುಬಿಟ್ಟಿತು! "ನೋಡಬೇ ಯಕ್ಕಾ, ಸುಮ್ನ ನನ್ನ ತಲಿ ತಿಂದಿ. ತಾನ ಆರಾಮ ಆತು," ಎಂದು ನಕ್ಕ. ಅಕ್ಕನೂ ನಂಬಿದಳು. ನರ ಸತ್ತದ್ದಕ್ಕೇ ನೋವು ನಿಂತದ್ದು ಎಂದು ಇಬ್ಬರಿಗೂ ತಿಳಿಯಲಿಲ್ಲ.

ಮರುವರ್ಷದ ಮಳೆಗಾಲ ಕಳೆದ ಮೇಲೆ ವಸಡಿನಲ್ಲಿ ಗುಳ್ಳೆ ಎದ್ದಿತು. ಮಾಳಪ್ಪ ಏನು ಮಾಡಿದ ಗೊತ್ತೇ? ಕುರಿಗೆ ಬಾವು ಬಂದರೆ ಮಾಡುತ್ತಿದ್ದುದನ್ನೇ ಮಾಡಿದ. ಜಾಲಿಮುಳ್ಳಿನಿಂದ ಚುಚ್ಚಿ, ಕೀವು ಹಿಂಡಿ, ಅರಿಶಿನ ಒತ್ತಿಕೊಂಡ. ಕುರಿಗಳು ಇದರಿಂದ ಆರಾಮಾಗುತ್ತಿದ್ದವು, ತಾನೇಕೆ ಆಗಬಾರದು? ನಾಲ್ಕು ದಿನ ಆರಾಮವೆನಿಸಿತು ಕೂಡ. ಮತ್ತೆ ಗುಳ್ಳೆ, ಮತ್ತೆ ಮುಳ್ಳು. ಕುರಿಯ ಬಾವು ಚರ್ಮದ್ದು, ತನ್ನದು ಬೇರಿನದು ಎಂಬುದು ಆ ತಲೆಗೆ ಹೊಳೆಯಲೇ ಇಲ್ಲ. ಅಯ್ಯೋ ಪುಣ್ಯಾತ್ಮ!

ನವಿಲುತೀರ್ಥದ ಕಾಲುವೆ ಬದಿಯ ಹೊಲದಲ್ಲಿದ್ದಾಗ ಒಂದು ಬೆಳಿಗ್ಗೆ ಏಳಲಾಗಲಿಲ್ಲ. ಮುಖ ಕಣ್ಣಿನವರೆಗೆ ಬಾತಿತ್ತು, ಮೈ ಸುಡುತ್ತಿತ್ತು. ಬೇಲಿ ಕಟ್ಟಿದ ದಡ್ಡಿಯಲ್ಲಿ ಕುರಿಗಳು ಒದರುತ್ತಿದ್ದವು. ಒಂದು ತಂಬಿಗೆ ನೀರು ಕೊಡಲು ಒಬ್ಬರೂ ಇರಲಿಲ್ಲ. ಈಗ ಸತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಅತ್ತ. ಹೊತ್ತೇರಿದರೂ ಕುರಿ ಬಿಟ್ಟಿಲ್ಲವೆಂದು ನೋಡಲು ಬಂದವನು ಪಕ್ಕದ ಹೊಲದ ಕುರಿಗಾರ ಬಾಳೇಶ. ಅವನೇ ಟ್ರ್ಯಾಕ್ಟರ್ ಹಿಡಿದು ದವಾಖಾನೆಗೆ ಸಾಗಿಸಿದ, ಕುರಿಗಳನ್ನು ತನ್ನ ಹಿಂಡಿಗೆ ಕೂಡಿಸಿಕೊಂಡ.

ಅಲ್ಲಿಂದ ಧಾರವಾಡದ ದೊಡ್ಡ ಆಸ್ಪತ್ರೆ. ಜೀವ ಉಳಿಯಿತು. ಆದರೆ ಮೇಲಿನ ಮುಂದಿನ ನಾಲ್ಕೂ ಹಲ್ಲು, ಕೊಳೆತ ಎಲುಬಿನ ಸಮೇತ, ತೆಗೆಯಬೇಕಾಯಿತು. ಗಾಯ ಮಾಯುವತನಕ ಕಿತ್ತೂರಿನಲ್ಲಿ ಅಕ್ಕನ ಮನೆಯಲ್ಲಿದ್ದ. ಮನೆ ತುಂಬ ಜನ, ಯಾರ ಜೊತೆ ಏನು ಮಾತಾಡಬೇಕೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಮೀನಾ ಡಾಕ್ಟರ್ ಕಟ್ಟಿದ ಹಲ್ಲು ಕೂರಿಸಿಕೊಟ್ಟರು. ಅವನು ಕೇಳಿದ್ದು ಒಂದೇ ಮಾತು:

"ಇದರಾಗ ಸಿಳ್ಳು ಬರ್ತೈತೇನ್ರಿ ಅಕ್ಕಾರ?"

"ಉಣ್ಣಾಕ ಬರ್ತೈತ್ರಿ," ಎಂದರು ಡಾಕ್ಟರ್.

ಮರುದಿನ ಸಂಜೆ ಬಾಳೇಶ ಕುರಿ ಮೇಯಿಸುತ್ತಿದ್ದ ಹೊಲಕ್ಕೆ ಹೋದ. ತನ್ನ ಕುರಿಗಳನ್ನು ದೂರದಿಂದಲೇ ಗುರುತಿಸಿದ. ನಾಲಿಗೆ ಒತ್ತಿ ಊದಿದ. ಬರೀ ಗಾಳಿ. ಕಟ್ಟಿದ ಹಲ್ಲು ತೆಗೆದು ಊದಿದ. ಬರೀ ಗಾಳಿ. ಹತ್ತಿರದಲ್ಲೇ ಮೇಯುತ್ತಿದ್ದ, ತಾನೇ ಬೆರಳಲ್ಲಿ ಹಾಲು ಚೀಪಿಸಿ ಬೆಳೆಸಿದ ಕುರಿಯೂ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಬದುವಿನ ಮೇಲೆ ನಿಂತು ಬಾಳೇಶ "ಹುರ್ರ್ಯಾ" ಎಂದು ಕೂಗಿದ. ಇಡೀ ಹಿಂಡು ತಿರುಗಿತು. ಹೊಲದ ನಡುವಿನ ಗಿಡವನ್ನು ಬಳಸಿ ಹೋಗುವಂತೆ ಮಾಳಪ್ಪನ ಎರಡೂ ಬದಿಯಿಂದ ಓಡಿಹೋಯಿತು.

"ನಾಕ ದಿನ ಹೋಗ್ಲಿ ಕಾಕಾ, ಗುರ್ತ ಹಿಡಿತಾವ," ಎಂದ ಬಾಳೇಶ.

ಮಾಳಪ್ಪ ಹಲ್ಲುಗಳನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

"ಗುರ್ತ ಐತೋ ತಮ್ಮಾ. ನಾ ಕರದದ್ದ ಅವಕ್ಕ ಕೇಳ್ಸಂಗಿಲ್ಲ."